ಕುಂಬ್ಳೆ ಬಾಲ್ ತಿರುಗಿಸುತ್ತಲೇ ಇರಲಿಲ್ಲವಂತೆ, ಹೌದಾ?

ಪ್ರಶ್ನೆ: ಅನಿಲ್ ಕುಂಬ್ಳೆ ಸ್ಪಿನ್ನರ್ರೇ ಅಲ್ಲ, ಸ್ಪೀಡಾಗಿ ನೇರ ಬಾಲ್ ಹಾಕುತ್ತಿದ್ದರು ಅಂತಾರಲ್ಲ. ಹಾಗಾದರೆ 619 ವಿಕೆಟ್ ಹೇಗೆ ಬಂತು?

ಉತ್ತರ: ಮತ್ತೆ ಬಂತಾ ಇದು! ಎಲ್ಲೋ ಒಬ್ಬ ಹೊಸ ಲೆಗ್ ಸ್ಪಿನ್ನರ್ (ಬಲಗೈ ಬ್ಯಾಟ್ಸ್‌ಮನ್‌ನಿಂದ ಹೊರಕ್ಕೆ ಬಾಲ್ ತಿರುಗಿಸುವವ) ಮಿಂಚಿದರೆ ಸಾಕು, ಈ ಪ್ರಶ್ನೆ ಎದ್ದು ಕೂರುತ್ತದೆ. ಸರಿ, ಇನ್ನೊಂದು ಸಲ ಹೇಳುತ್ತೇನೆ.

ಲೆಕ್ಕ ನಿಮಗೆ ಗೊತ್ತೇ ಇದೆ. 132 ಟೆಸ್ಟ್‌ಗಳಲ್ಲಿ 619 ವಿಕೆಟ್, 271 ಒನ್‌ಡೇಗಳಲ್ಲಿ 337. ಎರಡರಲ್ಲೂ ಭಾರತೀಯರ ಪೈಕಿ ಅವರೇ ಮೊದಲು. ಟೆಸ್ಟ್‌ನಲ್ಲಿ ಅವರಿಗಿಂತ ಮುಂದಿರುವುದು ಮುರಳೀಧರನ್, ವಾರ್ನ್, ಆ್ಯಂಡರ್ಸನ್ ಮೂವರೇ.

ಈಗ ತಿರುವಿನ ವಿಷಯ. ಬ್ಯಾಟ್‌ನ ಅಗಲ ಹೆಚ್ಚೆಂದರೆ 4.25 ಇಂಚು. ಅಂದರೆ ನಡುಭಾಗದಿಂದ ಅಂಚಿಗೆ ಎರಡು ಇಂಚು ಚಿಲ್ಲರೆ. ಬಾಲ್ ಅಷ್ಟು ತಿರುಗಿದರೆ ಎಡ್ಜ್ ಆಯಿತು, ಸ್ಲಿಪ್‌ಗೆ, ಅಂದರೆ ಕೀಪರ್ ಪಕ್ಕದ ಫೀಲ್ಡರ್‌ಗೆ ಕ್ಯಾಚ್. ಒಂದು ಅಡಿ ತಿರುಗಿದರೆ? ಬ್ಯಾಟ್ಸ್‌ಮನ್ ಬೀಟ್ ಆಗುತ್ತಾನೆ, ಜನ 'ಓಹೋ' ಅಂತಾರೆ, ವಿಕೆಟ್ ಮಾತ್ರ ಇಲ್ಲ. ಟಿವಿಯಲ್ಲಿ ಚೆಂದ ಕಾಣುವುದು ಎರಡನೆಯದು. ಸ್ಕೋರ್‌ಕಾರ್ಡಿಗೆ ಬೇಕಾದದ್ದು ಮೊದಲನೆಯದು.

ಇನ್ನೊಂದು ಮಾತು. ಸ್ಪಿನ್ ಅಂದರೆ ಅಡ್ಡಕ್ಕೆ ತಿರುಗುವುದು ಮಾತ್ರ ಅಲ್ಲ. ಬಾಲ್ ಮುಂದಕ್ಕೆ ಉರುಳುವ ಹಾಗೆ ಸುತ್ತಿಸಿದರೆ ಅದು ಗಾಳಿಯಲ್ಲಿ ತಟ್ಟನೆ ಇಳಿಯುತ್ತದೆ, ನೆಲಕ್ಕೆ ಬಿದ್ದಮೇಲೆ ಜಿಗಿಯುತ್ತದೆ. ಇದಕ್ಕೆ ಓವರ್‌ಸ್ಪಿನ್ ಅಂತಾರೆ. ಕುಂಬ್ಳೆ ಎತ್ತರದ ಮನುಷ್ಯ, ಕೈ ಕಿವಿಯ ಪಕ್ಕದಿಂದ ಬರುತ್ತಿತ್ತು. ಇವರ ಬಾಲ್ ಅಡ್ಡಕ್ಕಿಂತ ಮೇಲಕ್ಕೇ ಜಾಸ್ತಿ ಬದಲಾಗುತ್ತಿತ್ತು. ಹಿಂದಿನ ಬಾಲ್ ಬ್ಯಾಟಿನ ಹಿಡಿಕೆಗೆ ಬಡಿದಿರುತ್ತದೆ, ಮುಂದಿನದು ಫ್ಲಿಪ್ಪರ್, ಅಂದರೆ ಜಿಗಿಯದೆ ತಗ್ಗಿ ಬರುವ ಬಾಲ್, ಪ್ಯಾಡಿನ ಬುಡಕ್ಕೇ ನುಗ್ಗುತ್ತದೆ. ಅದೂ ಆ ವೇಗದಲ್ಲಿ. ನೆಲಕ್ಕೆ ಬಿದ್ದಮೇಲೆ ಆಟ ಬದಲಿಸೋಣ ಅಂದರೆ ಟೈಮೇ ಇಲ್ಲ.

ದೆಹಲಿಯ ಕೋಟ್ಲಾ ಮೈದಾನದ ಟೆಸ್ಟ್ ನೋಡಿ, 1999ರ ಫೆಬ್ರವರಿ. 420ರ ಗುರಿ ಬೆನ್ನತ್ತಿದ ಪಾಕಿಸ್ತಾನ ವಿಕೆಟ್ ಕಳೆದುಕೊಳ್ಳದೆ 101. ಊಟದ ನಂತರ ಕುಂಬ್ಳೆ ಎಂಡ್ ಬದಲಾಯಿಸಿದರು, ಅಂದರೆ ಪಿಚ್‌ನ ಇನ್ನೊಂದು ತುದಿಯಿಂದ ಬೌಲ್ ಮಾಡಿದರು. ಆಮೇಲೆ 207ಕ್ಕೆ ಎಲ್ಲರೂ ಔಟ್, 74 ರನ್ನಿಗೆ ಹತ್ತಕ್ಕೆ ಹತ್ತೂ ಇವರಿಗೆ. ಆ ಹತ್ತನ್ನು ಒಂದೊಂದಾಗಿ ನೋಡಿ. ಇಜಾಜ್ ಎಲ್‌ಬಿ (ಸ್ಟಂಪಿಗೆ ಹೋಗುವ ಬಾಲ್ ಕಾಲಿಗೆ ಬಡಿದು ಔಟ್). ಇಂಜಮಾಮ್ ಬ್ಯಾಟಿಗೆ ತಾಗಿಸಿಕೊಂಡು ಬೌಲ್ಡ್. ಮೊಯಿನ್ ಖಾನ್ ಸ್ಲಿಪ್‌ನಲ್ಲಿ ಗಂಗೂಲಿಗೆ. ಅನ್ವರ್ ಮತ್ತು ಕೊನೆಗೆ ಅಕ್ರಂ, ಇಬ್ಬರೂ ಶಾರ್ಟ್ ಲೆಗ್‌ನಲ್ಲಿ, ಬ್ಯಾಟಿನ ಹತ್ತಿರವೇ ನಿಂತಿದ್ದ ಲಕ್ಷ್ಮಣ್‌ಗೆ. ನೇರ ಬಾಲ್ ಒಂದೇ ಇದ್ದಿದ್ದರೆ ಇಷ್ಟು ಬಗೆಯಲ್ಲಿ ಔಟಾಗುತ್ತಿದ್ದರಾ? ಪಿಚ್ ಸಹಾಯ ಮಾಡಿತು, ನಿಜ. ಆದರೆ ಅದೇ ಪಿಚ್ಚಿನಲ್ಲಿ ಬೇರೆಯವರೂ ಬೌಲ್ ಮಾಡಿದ್ದರಲ್ಲ! (ಹತ್ತನೆಯದಕ್ಕೆ ಮುಂಚೆ ಅದೂ ಕುಂಬ್ಳೆಗೇ ಸಿಗಲಿ ಅಂತ ಇನ್ನೊಬ್ಬ ಬೌಲರ್ ಶ್ರೀನಾಥ್ ಬೇಕಂತಲೇ ಸ್ಟಂಪಿನಿಂದ ದೂರ ಹಾಕಿದ್ದು ಬೇರೆ ಕಥೆ. ಒಂಬತ್ತು ಬಂದಮೇಲಿನ ಮಾತದು.)

ಈ ಶೈಲಿ ಎಲ್ಲಿಂದ ಬಂತು ಅಂದರೆ, ಹುಡುಗನಾಗಿದ್ದಾಗ ಕುಂಬ್ಳೆ ಮೀಡಿಯಂ ಪೇಸರ್. ಲೆಗ್ ಸ್ಪಿನ್ ಹಾಕು ಅಂದವರು ಅಣ್ಣ ದಿನೇಶ್. ಹುಡುಗ ಸ್ಪಿನ್ ಕಲಿತ, ಓಟ ಮತ್ತು ವೇಗ ಬಿಡಲಿಲ್ಲ, ಅಷ್ಟೇ.

'ಊರಿನ ಪಿಚ್‌ನಲ್ಲಷ್ಟೇ ಹುಲಿ' ಅನ್ನುವವರಿಗೆ ಅರ್ಧ ಅಂಕ ಕೊಡುತ್ತೇನೆ. ಭಾರತದಲ್ಲಿ 350 ಟೆಸ್ಟ್ ವಿಕೆಟ್, ಸರಾಸರಿ (ಒಂದು ವಿಕೆಟ್ಟಿಗೆ ಕೊಟ್ಟ ರನ್) 25ಕ್ಕಿಂತ ಕಡಿಮೆ. ಹೊರಗೆ 269, ಸರಾಸರಿ 35ರ ಮೇಲೆ. ವ್ಯತ್ಯಾಸ ಇದೆ, ಮುಚ್ಚಿಡುವುದೇಕೆ? ಆದರೆ 2003-04ರಲ್ಲಿ ಆಸ್ಟ್ರೇಲಿಯಾದಲ್ಲಿ ಮೂರೇ ಟೆಸ್ಟ್‌ಗಳಲ್ಲಿ 24 ವಿಕೆಟ್ ತೆಗೆದಿದ್ದಾರೆ. ಸಿಡ್ನಿಯ ಒಂದೇ ಇನಿಂಗ್ಸ್‌ನಲ್ಲಿ ಎಂಟು.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಸ್ಪೀಡಾಗಿ ಲೆಗ್ ಸ್ಪಿನ್ ಹಾಕಿದ ಕನ್ನಡಿಗ ಇವರೇ ಮೊದಲಲ್ಲ. ಬಿ.ಎಸ್. ಚಂದ್ರಶೇಖರ್ ನೆನಪಿಲ್ವಾ? ಪೋಲಿಯೊದಿಂದ ಸೊರಗಿದ ಬಲಗೈಯಲ್ಲೇ ಬೌಲಿಂಗ್, ಗೂಗ್ಲಿಯೇ (ಲೆಗ್ ಸ್ಪಿನ್ ಥರ ಕಂಡು ಉಲ್ಟಾ ಒಳಕ್ಕೆ ತಿರುಗುವ ಬಾಲ್) ಮುಖ್ಯ ಅಸ್ತ್ರ. 1971ರಲ್ಲಿ ಓವಲ್‌ನಲ್ಲಿ 38ಕ್ಕೆ 6 ತೆಗೆದು, ಇಂಗ್ಲೆಂಡ್ ನೆಲದಲ್ಲಿ ಭಾರತದ ಮೊದಲ ಟೆಸ್ಟ್ ಗೆಲುವಿಗೆ ಕಾರಣರಾದರು. ಅದೇ ಓವಲ್‌ನಲ್ಲಿ 2007ರಲ್ಲಿ ಕುಂಬ್ಳೆ ಔಟಾಗದೆ 110 ಹೊಡೆದರು, ಅವರ ಒಂದೇ ಟೆಸ್ಟ್ ಶತಕ. ಬ್ಯಾಟಿಂಗ್ ವಿಷಯದಲ್ಲಿ ಮಾತ್ರ ಇಬ್ಬರನ್ನೂ ಹೋಲಿಸಬೇಡಿ. ಚಂದ್ರ ಅವರದು 242 ಟೆಸ್ಟ್ ವಿಕೆಟ್, 167 ರನ್.