ಬರೆಯೋಕೆ ಕೆಲಸ ಬಿಡಬೇಕಾ?

ಓದುಗರ ಪ್ರಶ್ನೆ: ನನಗೆ 31 ವರ್ಷ. ಬ್ಯಾಂಕಿನಲ್ಲಿ ಕೆಲಸ. ಕಾಲೇಜಿನಿಂದಲೂ ಕಥೆ ಬರೆಯುತ್ತಿದ್ದೇನೆ, ನಾಲ್ಕೈದು ಪ್ರಕಟವೂ ಆಗಿವೆ. ತಲೆಯಲ್ಲಿ ಒಂದು ಕಾದಂಬರಿ ಇದೆ. ಆದರೆ ಸಂಜೆ ಮನೆಗೆ ಬರುವಷ್ಟರಲ್ಲಿ ಸುಸ್ತೋ ಸುಸ್ತು. ಕೆಲಸ ಬಿಟ್ಟು ಪೂರ್ತಿ ಬರವಣಿಗೆಗೆ ಇಳಿಯಲೇ? ಹೆಸರು ಮಾಡಿದ ಲೇಖಕರು ಇದಕ್ಕೆ ಏನನ್ನುತ್ತಾರೆ?

ಉತ್ತರ: ಬಿಡಬೇಡಿ. ಸದ್ಯಕ್ಕಂತೂ ಬೇಡ.

ಲೇಖಕರು ಏನನ್ನುತ್ತಾರೆ ಅಂತ ಕೇಳಿದ್ದೀರಿ. ಯಾವುದೇ ಕಥಾ ಕಮ್ಮಟಕ್ಕೆ ಹೋಗಿ ಕೂತರೆ ಎರಡು ಮಾತು ಖಾತ್ರಿ ಕಿವಿಗೆ ಬೀಳುತ್ತವೆ: ಚೆನ್ನಾಗಿ ಓದಿ, ದಿನಾ ಬರೆಯಿರಿ. ಎರಡೂ ಸರಿಯೇ. ಆದರೆ ನಿಮ್ಮ ಪ್ರಶ್ನೆಗೆ ಎರಡೂ ಉತ್ತರವಲ್ಲ. ಕೇಳಬೇಕಾದ್ದು ಬೇರೆ: ಸ್ವಾಮಿ, ನೀವು ಬರೆಯುತ್ತಿದ್ದ ಕಾಲಕ್ಕೆ ಮನೆಗೆ ದಿನಸಿ ಎಲ್ಲಿಂದ ಬರುತ್ತಿತ್ತು? ವೇದಿಕೆಯ ಮೇಲೆ ಇದನ್ನು ಯಾರೂ ಕೇಳುವುದಿಲ್ಲ. ಆದರೆ ಉತ್ತರ ಗುಟ್ಟಿನದೇನಲ್ಲ, ಅವರವರ ಜೀವನಚರಿತ್ರೆಯಲ್ಲೇ ಇದೆ.

ಮಾಸ್ತಿ ಮೈಸೂರು ಸಂಸ್ಥಾನದಲ್ಲಿ ಸರ್ಕಾರಿ ಅಧಿಕಾರಿ. 'ಮೈಸೂರ ಮಲ್ಲಿಗೆ'ಯ ಕೆ.ಎಸ್. ನರಸಿಂಹಸ್ವಾಮಿ ಸರ್ಕಾರಿ ಕಚೇರಿಗಳಲ್ಲಿ ಗುಮಾಸ್ತರು. ಬೀchi ಅಂತ ಸಹಿ ಹಾಕಿ ನಾಡನ್ನೆಲ್ಲ ನಗಿಸಿದವರು ಪೊಲೀಸ್ ಇಲಾಖೆಯ ನೌಕರರು. ನಿಸಾರ್ ಅಹಮದ್ ಭೂವಿಜ್ಞಾನದ ಮೇಷ್ಟ್ರು, ಅನುಪಮಾ ನಿರಂಜನ ಡಾಕ್ಟರು. ಎಸ್.ಎಲ್. ಭೈರಪ್ಪ 1991ರಲ್ಲಿ ನಿವೃತ್ತಿಯಾಗುವವರೆಗೂ ಪಾಠ ಮಾಡಿಕೊಂಡೇ ಇದ್ದರು. 'ವಂಶವೃಕ್ಷ', 'ಪರ್ವ' ಎರಡೂ ಆ ನೌಕರಿಯ ವರ್ಷಗಳಲ್ಲೇ ಬಂದವು. ಕುವೆಂಪು ಅವರಂತೂ ಕುಲಪತಿಯೇ ಆಗಿದ್ದರು. ಕನ್ನಡ ಸಾಹಿತ್ಯದ ದೊಡ್ಡ ಪಾಲು ಸಂಬಳದ ಕೆಲಸ ಇದ್ದವರು ಬರೆದದ್ದು ಅಂದರೆ ತಪ್ಪಾಗಲಾರದು.

ಹಾಗಾದರೆ ಕೆಲಸ ಅಂದರೆ ಬರೀ ಊಟದ ಖರ್ಚು, ಬರವಣಿಗೆಗೆ ಅಡ್ಡಿ ಅಂತ ಸಹಿಸಿಕೊಳ್ಳಬೇಕಾ? ನನಗೆ ಹಾಗನ್ನಿಸುವುದಿಲ್ಲ. ಯಶವಂತ ಚಿತ್ತಾಲರನ್ನೇ ನೋಡಿ. ಉತ್ತರ ಕನ್ನಡದ ಹನೇಹಳ್ಳಿಯವರು, ಓದಿದ್ದು ರಸಾಯನ ಮತ್ತು ಪಾಲಿಮರ್ ತಂತ್ರಜ್ಞಾನ, ಕೆಲಸ ಮುಂಬಯಿಯಲ್ಲಿ, ಪ್ಲಾಸ್ಟಿಕ್ ಉದ್ಯಮದಲ್ಲಿ. 1979ರಲ್ಲಿ ಅವರ 'ಶಿಕಾರಿ' ಬಂತು. ದೊಡ್ಡ ಕಂಪನಿಯ ಅಧಿಕಾರಿ ನಾಗಪ್ಪನನ್ನು ದಿಢೀರನೆ ಅಮಾನತು ಮಾಡುತ್ತಾರೆ, ಯಾಕೆ ಅಂತ ಅವನಿಗೇ ಗೊತ್ತಿಲ್ಲ. ಆಫೀಸಿನ ಒಳಸಂಚು, ಮೇಲಧಿಕಾರಿಯ ನಯವಾದ ಮಾತಿನೊಳಗಿನ ಮುಳ್ಳು, ಒಂದು ಪತ್ರ ಕೈಗೆ ಬಂದ ತಕ್ಷಣ ಮನುಷ್ಯ ಒಳಗೇ ಕುಸಿಯುವುದು, ಇದನ್ನೆಲ್ಲ ಮನೆಯಲ್ಲಿ ಕೂತು ಊಹಿಸಿ ಬರೆಯೋಕಾಗುತ್ತಾ? ಆ ಲೋಕದಲ್ಲಿ ಓಡಾಡಿದವರಿಗೆ ಮಾತ್ರ ಆ ಭಾಷೆ ಸಿಗುತ್ತದೆ.

ಬಾನು ಮುಷ್ತಾಕ್ ಅವರದ್ದೂ ಇದೇ ಕಥೆ. ಹಾಸನದಲ್ಲಿ ವಕೀಲಿಕೆ, ಅದಕ್ಕೂ ಮೊದಲು 'ಲಂಕೇಶ್ ಪತ್ರಿಕೆ'ಗೆ ವರದಿಗಾರಿಕೆ. ಕಷ್ಟ ಹೇಳಿಕೊಂಡು ಬರುವ ಹೆಂಗಸರ ಮಾತು ಕೇಳುವುದೇ ದಿನದ ಕೆಲಸ. 2025ರಲ್ಲಿ ಅವರಿಗೆ ಮತ್ತು ಅನುವಾದಕಿ ದೀಪಾ ಭಾಸ್ತಿ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ಎಲ್ಲರೂ 50,000 ಪೌಂಡ್ ಬಹುಮಾನದ ಬಗ್ಗೆಯೇ ಮಾತಾಡಿದರು. ಅದನ್ನು ಇಬ್ಬರೂ ಸಮನಾಗಿ ಹಂಚಿಕೊಳ್ಳಬೇಕು ಅನ್ನುವುದು ಎಷ್ಟೋ ಜನಕ್ಕೆ ಗೊತ್ತಿರಲಿಲ್ಲ. ಆದರೆ ಗಮನಿಸಬೇಕಾದ ಲೆಕ್ಕ ಇನ್ನೊಂದಿದೆ. ಬಹುಮಾನ ಗೆದ್ದ 'ಹಾರ್ಟ್ ಲ್ಯಾಂಪ್' ಪುಸ್ತಕದ 12 ಕಥೆಗಳು 1990ರಿಂದ 2023ರವರೆಗೆ ಬರೆದವು. ಮೂವತ್ತಕ್ಕೂ ಹೆಚ್ಚು ವರ್ಷ! ಅಷ್ಟು ಕಾಲ ಮನೆ ನಡೆಸಿದ್ದು ಬಹುಮಾನವಂತೂ ಅಲ್ಲ.

ನಿಮ್ಮದು ಬ್ಯಾಂಕು ಅಂದಿರಲ್ಲ, ಅದಕ್ಕೇ ಒಂದು ವಿಷಯ ಹೇಳುತ್ತೇನೆ. ಹಸ್ತಪ್ರತಿ ಓದಿ ಅಭಿಪ್ರಾಯ ಹೇಳಿ ಅಂತ ನನ್ನ ಬಳಿ ಕಳಿಸುವವರಿದ್ದಾರೆ. ಬ್ಯಾಂಕ್ ಉದ್ಯೋಗಿಯೊಬ್ಬರು ಒಂದು ಉದ್ದದ ಕಥೆ ಕಳಿಸಿದ್ದರು. ಊರು ಬಿಟ್ಟು ಬೆಟ್ಟದ ಮೇಲೆ ಒಂಟಿಯಾಗಿರುವ ಕವಿ, ಮಂಜು, ಮೌನ, ಹಳೇ ಪ್ರೇಮ. ಓದುತ್ತಾ ಓದುತ್ತಾ ಆಕಳಿಕೆ ಬಂತು. ಮಧ್ಯೆ ಎಲ್ಲೋ ಆ ಕವಿ ಹಣ ತೆಗೆಯಲು ಬ್ಯಾಂಕಿಗೆ ಹೋಗುತ್ತಾನೆ. ಅಲ್ಲಿ ಪಿಂಚಣಿಗೆ ಬಂದ ಒಬ್ಬ ಅಜ್ಜಿ ಹೆಬ್ಬೆಟ್ಟು ಒತ್ತುತ್ತಾಳೆ, ಮಿಕ್ಕ ಮಸಿಯನ್ನು ತಲೆಗೂದಲಿಗೆ ಒರೆಸಿಕೊಳ್ಳುತ್ತಾಳೆ, ನೋಟುಗಳನ್ನು ಎರಡು ಸಲ ಎಣಿಸಿ, ಮೂರನೇ ಸಲ ಎಣಿಸಿಕೊಡಿ ಅಂತ ಹಿಂದೆ ನಿಂತ ಹುಡುಗನ ಕೈಗೆ ಕೊಡುತ್ತಾಳೆ. ಮಗನಿಗೆ ಎಷ್ಟು ಬಂತು ಅಂತ ಹೇಳಬೇಡ ಅನ್ನುತ್ತಾಳೆ. ಬರೀ ಆರು ಸಾಲು. ಇಡೀ ಕಥೆಯಲ್ಲಿ ಜೀವ ಇದ್ದದ್ದು ಅಷ್ಟರಲ್ಲೇ. ಬರೆದವರಿಗೆ ಅದು ಗೊತ್ತೇ ಇರಲಿಲ್ಲ. ದಿನಾ ನೋಡುವುದು, ಇದರಲ್ಲಿ ಏನು ವಿಶೇಷ ಅಂತ ದಾಟಿಕೊಂಡು ಹೋಗಿದ್ದರು. ಕೌಂಟರ್ ಬಿಟ್ಟು ಬೆಟ್ಟ ಹತ್ತಿದರೆ ಮುಂದಿನ ಅಜ್ಜಿ ಎಲ್ಲಿಂದ ಬರಬೇಕು?

ಕೆಲಸವಿಲ್ಲದೆ ಬರೆದೇ ಬದುಕಿದವರು ಇಲ್ಲವಾ ಅಂತ ಕೇಳಬಹುದು. ಇದ್ದಾರೆ. ಅವರ ಬದುಕನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಆಸೆ ಅರ್ಧ ಇಳಿಯುತ್ತದೆ.

ಶಿವರಾಮ ಕಾರಂತರು ಅಸಹಕಾರ ಚಳವಳಿಯ ಕಾಲದಲ್ಲಿ ಕಾಲೇಜು ಬಿಟ್ಟವರು. ಆಮೇಲೆ ಖಾಯಂ ನೌಕರಿ ಅಂತ ಹಿಡಿದು ಕೂರಲಿಲ್ಲ. ಆದರೆ ಅವರು ಬರೀ ಕಾದಂಬರಿ ಬರೆದುಕೊಂಡಿದ್ದರು ಅಂದುಕೊಳ್ಳಬೇಡಿ. ಪತ್ರಿಕೆ ನಡೆಸಿದರು, ನಾಟಕ ಆಡಿಸಿದರು, ಪುತ್ತೂರಿನಲ್ಲಿ ಮುದ್ರಣಾಲಯ ಹಾಕಿದರು, ಪಠ್ಯಪುಸ್ತಕ ಬರೆದರು, ಶಬ್ದಕೋಶ ಮಾಡಿದರು, ಮಕ್ಕಳಿಗಾಗಿ 'ಬಾಲ ಪ್ರಪಂಚ'ದ ಸಂಪುಟಗಳನ್ನು ಒಬ್ಬರೇ ಬರೆದರು. ನಾಲ್ಕು ಜನ ಹಂಚಿಕೊಳ್ಳುವಷ್ಟು ದುಡಿಮೆ ಅದು. ಅವರ ಆತ್ಮಕಥೆ ಓದಿ. ಸಾಲದ ಮಾತು ಎಷ್ಟು ಸಲ ಬರುತ್ತದೆ ನೋಡಿ.

ಅ.ನ.ಕೃ. ನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಕನ್ನಡಕ್ಕೆ ಸಾವಿರಾರು ಓದುಗರನ್ನು ತಂದುಕೊಟ್ಟವರು, ಆ ಋಣ ದೊಡ್ಡದು. ಆದರೆ ಇಂದು ಮತ್ತೆ ಮತ್ತೆ ಓದುವುದು ಅವುಗಳಲ್ಲಿ ಎಷ್ಟನ್ನು? ಬಾಡಿಗೆ ಕಟ್ಟಲು ಬರೆಯಬೇಕಾದಾಗ ಪುಸ್ತಕ ತನ್ನಷ್ಟಕ್ಕೆ ಹಣ್ಣಾಗುವವರೆಗೆ ಕಾಯಲು ಪುರುಸೊತ್ತು ಇರುವುದಿಲ್ಲ. ಇದು ನನ್ನ ಅಭಿಪ್ರಾಯ, ಒಪ್ಪದವರೂ ಇದ್ದಾರೆ. ಇನ್ನೊಂದು ವಿಷಯ: ಆಗ ಮನೆಮನೆಗೆ ಟೀವಿ ಇರಲಿಲ್ಲ, ಬಾಡಿಗೆ ಲೈಬ್ರರಿಗಳಿದ್ದವು, ವಾರಪತ್ರಿಕೆಯ ಧಾರಾವಾಹಿಗಾಗಿ ಜನ ಕಾಯುತ್ತಿದ್ದರು. ಆ ಮಾರುಕಟ್ಟೆ ಈಗ ಇಲ್ಲ.

ಈಗಿನ ಲೆಕ್ಕ ಹಾಕೋಣ. ನಿಮ್ಮ ಕಾದಂಬರಿಗೆ 200 ರೂಪಾಯಿ ಬೆಲೆ, 1000 ಪ್ರತಿ, ಲೇಖಕರಿಗೆ ಶೇ 10 ಗೌರವಧನ ಅಂತಿಟ್ಟುಕೊಳ್ಳಿ. ಅಷ್ಟೂ ಖರ್ಚಾದರೆ ನಿಮಗೆ ಬರುವುದು 20,000 ರೂಪಾಯಿ. ಖರ್ಚಾಗಲು ಎರಡು ವರ್ಷ ಹಿಡಿದರೆ ತಿಂಗಳಿಗೆ 833. ಗ್ಯಾಸ್ ಸಿಲಿಂಡರ್‌ಗೆ ಅಷ್ಟು ಸಾಲದು. ಎಷ್ಟೋ ಹೊಸಬರ ಪುಸ್ತಕಗಳ ಮೊದಲ ಮುದ್ರಣ 500 ಪ್ರತಿ ದಾಟುವುದಿಲ್ಲ. ಗೌರವಧನದ ಬದಲು ಇಪ್ಪತ್ತೈದು ಪ್ರತಿ ಕೊಟ್ಟು ಕೈತೊಳೆದುಕೊಳ್ಳುವ ಪ್ರಕಾಶಕರೂ ಇದ್ದಾರೆ. ಆ ಪ್ರತಿಗಳನ್ನು ನೀವು ನೆಂಟರಿಷ್ಟರಿಗೆ ಸುಮ್ನೆ ಹಂಚುತ್ತೀರಿ. ಅವರು ಓದುವುದಿಲ್ಲ, ಅದು ಬೇರೆ ಮಾತು.

ಹಾಗಂತ ಯಾವತ್ತೂ ಬಿಡಲೇಬಾರದು ಅಂತಲ್ಲ. ವಸುಧೇಂದ್ರ ಬಹಳ ವರ್ಷ ಸಾಫ್ಟ್‌ವೇರ್‌ನಲ್ಲಿ ದುಡಿದು ಆಮೇಲೆ ಹೊರಬಂದರು. ಅಷ್ಟರಲ್ಲಿ ಅವರಿಗೆ ಓದುಗರಿದ್ದರು, ತಮ್ಮದೇ 'ಛಂದ ಪುಸ್ತಕ' ಪ್ರಕಾಶನ ಇತ್ತು. 'ತೇಜೋ ತುಂಗಭದ್ರಾ'ದಂಥ ದೊಡ್ಡ ಐತಿಹಾಸಿಕ ಕಾದಂಬರಿಗೆ ಬೇಕಾದ ಓದು, ತಿರುಗಾಟ ಎಲ್ಲ ಹಾಗೆ ಸಾಧ್ಯವಾಯಿತು. ಪೂರ್ಣಚಂದ್ರ ತೇಜಸ್ವಿ ಎಂ.ಎ. ಮಾಡಿ ಮೇಷ್ಟ್ರಾಗದೆ ಮೂಡಿಗೆರೆಯ ಕಡೆ ಹೋದರು ಅಂತ ತುಂಬ ಜನ ಉದಾಹರಣೆ ಕೊಡುತ್ತಾರೆ. ಅಲ್ಲಿಗೆ ಹೋಗಿ ಮಾಡಿದ್ದು ಕಾಫಿ ತೋಟ ಅನ್ನುವುದನ್ನು ಮರೆಯುತ್ತಾರೆ. ಅವರು ಹಿಡಿದದ್ದು ಇನ್ನೊಂದು ಕೆಲಸವನ್ನು. 'ಕರ್ವಾಲೊ'ದ ಜೇನು, ಮಂದಣ್ಣ, ಮಳೆ ಎಲ್ಲ ಅದರಿಂದಲೇ ಬಂದದ್ದು.

ಇನ್ನು ನಿಮ್ಮ ಅಸಲಿ ತೊಂದರೆ, ಸುಸ್ತು. ಇದನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಮಾರ್ಚ್ ತಿಂಗಳ ಬ್ಯಾಂಕು ಹೇಗಿರುತ್ತದೆ ಅಂತ ಹೊರಗಿನವರಿಗೂ ಗೊತ್ತು. ಹಾಗಾಗಿ ಸಂಜೆ ಬರೆಯುವ ಯೋಚನೆ ಬಿಡಿ. ಇಡೀ ದಿನ ಬೇರೆಯವರಿಗೆ ಕೊಟ್ಟು ಉಳಿದ ಚೂರು ತಲೆಯಲ್ಲಿ ಕಾದಂಬರಿ ಕಟ್ಟೋಕೆ ಆಗುವುದಿಲ್ಲ. ಬೆಳಿಗ್ಗೆ, ಫೋನ್ ಮುಟ್ಟುವ ಮುಂಚೆ, ಮುಕ್ಕಾಲು ಗಂಟೆ ಸಾಕು. ಒಂದು ಪುಟ ಆದರೆ ಆಯಿತು. ವಾರಕ್ಕೆ ನಾಲ್ಕು ಪುಟ ಅಂದರೂ ವರ್ಷಕ್ಕೆ ಇನ್ನೂರು. ನಿಲ್ಲಿಸುವಾಗ ಮುಂದಿನ ವಾಕ್ಯ ಏನು ಅಂತ ಗೊತ್ತಿರುವಾಗಲೇ ನಿಲ್ಲಿಸಿ, ಮರುದಿನ ಶುರು ಮಾಡಲು ಒದ್ದಾಟ ಇರುವುದಿಲ್ಲ. ಕೊನೆಯ ತಿದ್ದುಪಡಿಗೆ ಮಾತ್ರ ಒಟ್ಟಿಗೆ ಸಮಯ ಬೇಕು. ಅದಕ್ಕೆ ಗಳಿಕೆ ರಜೆ ಕೂಡಿಟ್ಟುಕೊಳ್ಳಿ, ಮದುವೆ ಮುಂಜಿಗೆಲ್ಲ ಖರ್ಚು ಮಾಡಬೇಡಿ. ಮನೆಯವರಿಗೆ ಮೊದಲೇ ಹೇಳಿ ಒಪ್ಪಿಸಿ. ನೀವು ಬರೆಯುವಾಗ ಹಾಲು ಕಾಯಿಸುವವರು, ಮಗುವನ್ನು ಎಬ್ಬಿಸುವವರು ಯಾರು ಅನ್ನುವುದು ಮೊದಲೇ ತೀರ್ಮಾನ ಆಗಿರಲಿ. ನೀವು ಹೆಣ್ಣೋ ಗಂಡೋ ಬರೆದಿಲ್ಲ. ಹೆಣ್ಣಾದರೆ ಈ ಒಪ್ಪಂದ ಬ್ಯಾಂಕಿನ ಕೆಲಸಕ್ಕಿಂತ ಕಷ್ಟ ಅಂತ ನನಗೂ ಗೊತ್ತು.

31 ವರ್ಷ ಆಗಿಹೋಯಿತು ಅನ್ನುವ ಅವಸರ ನಿಮ್ಮ ಪತ್ರದಲ್ಲಿ ಕಾಣುತ್ತಿದೆ. ಎಂ.ಕೆ. ಇಂದಿರಾ ಅವರಿಗೆ ಚಿಕ್ಕ ವಯಸ್ಸಿನಲ್ಲೇ ಮದುವೆಯಾಗಿ ಶಾಲೆ ನಿಂತಿತ್ತು. ಅವರ ಮೊದಲ ಕಾದಂಬರಿ 'ತುಂಗಭದ್ರಾ' 1963ರಲ್ಲಿ ಬಂದಾಗ ವಯಸ್ಸು ನಲವತ್ತೈದು ದಾಟಿತ್ತು. 'ಫಣಿಯಮ್ಮ' ಬಂದದ್ದು 1976ರಲ್ಲಿ. ಅವರ ಲೆಕ್ಕದಲ್ಲಿ ನಿಮಗಿನ್ನೂ ಹದಿನೈದು ವರ್ಷ ಇದೆ.

ಈ ಮಧ್ಯೆ ಮಾಡಬೇಕಾದ ಕೆಲಸಗಳಿವೆ. ಕಾದಂಬರಿ ಮುಗಿಯುವವರೆಗೆ ಕಥೆ ಕಳಿಸುವುದನ್ನು ನಿಲ್ಲಿಸಬೇಡಿ. 'ಪ್ರಜಾವಾಣಿ'ಯ ದೀಪಾವಳಿ ಕಥಾಸ್ಪರ್ಧೆಯಂಥವು ಹೊಸಬರಿಗೆ ಹಳೇ ಬಾಗಿಲು. ಛಂದ ಪುಸ್ತಕ ಹೊಸ ಕಥೆಗಾರರ ಮೊದಲ ಸಂಕಲನಕ್ಕೆ ಹಸ್ತಪ್ರತಿ ಸ್ಪರ್ಧೆ ನಡೆಸಿಕೊಂಡು ಬಂದಿದೆ. ಕನ್ನಡ ಪುಸ್ತಕ ಪ್ರಾಧಿಕಾರದಲ್ಲಿ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನದ ಯೋಜನೆ ಇದೆ. ಅದಕ್ಕೆ ವಯಸ್ಸಿನ ಮಿತಿ ಇರುತ್ತದೆ, ಅವಸರ ಮಾಡುವುದಾದರೆ ಇದಕ್ಕೆ ಮಾಡಿ. ಪ್ರಕಟಣೆ ಕರೆದಾಗ ನಿಯಮ ಪೂರ್ತಿ ಓದಿ ಅರ್ಜಿ ಹಾಕಿ. ನಿಮ್ಮ ಬ್ಯಾಂಕಿನ ಸೇವಾ ನಿಯಮದಲ್ಲಿ ಪುಸ್ತಕ ಪ್ರಕಟಿಸುವ ಬಗ್ಗೆ ಏನಿದೆ ಅಂತಲೂ ಒಮ್ಮೆ ನೋಡಿಕೊಳ್ಳಿ. ಬೇಂದ್ರೆ ಒಂದು ಕವಿತೆಗಾಗಿ ಜೈಲಿಗೂ ಹೋದರು, ವರ್ಷಗಟ್ಟಲೆ ಕೆಲಸವಿಲ್ಲದೆಯೂ ಕೂತರು. ಅದು ಬ್ರಿಟಿಷರ ಕಾಲ ನಿಜ, ಆದರೂ ಮೇಲಧಿಕಾರಿಗಳ ಬಗ್ಗೆ ಬರೆಯುವಾಗ ಹೆಸರು, ಶಾಖೆ, ಊರು ಬದಲಿಸುವುದು ಒಳ್ಳೆಯದು.

ಪ್ರಕಾಶಕರು ಒಪ್ಪಿದ ಖುಷಿಯಲ್ಲಿ ಕಣ್ಣುಮುಚ್ಚಿ ಸಹಿ ಹಾಕಬೇಡಿ. ಎಷ್ಟು ಪ್ರತಿ, ಶೇಕಡಾ ಎಷ್ಟು, ಯಾವಾಗ ಕೊಡುತ್ತಾರೆ, ಎಷ್ಟು ವರ್ಷಕ್ಕೆ ಹಕ್ಕು, ನಾಲ್ಕೂ ಕಾಗದದ ಮೇಲೆ ಇರಲಿ. ಮುದ್ರಣದ ಹಕ್ಕು ಕೊಡಿ. ಸಿನಿಮಾ, ಆಡಿಯೋ, ಅನುವಾದದ ಹಕ್ಕು ನಿಮ್ಮಲ್ಲೇ ಇರಲಿ, ಅವನ್ನು ಕೇಳಿಕೊಂಡು ಯಾರಾದರೂ ಬಂದಾಗ ಬೇರೆ ಪತ್ರ ಮಾಡಿಕೊಂಡರಾಯಿತು. ಸಾಲದ ಅರ್ಜಿ ಇಟ್ಟುಕೊಂಡು ಬರುವವರಿಗೆ ಸಣ್ಣಕ್ಷರ ಓದಿ ಸಹಿ ಮಾಡಿ ಅಂತ ದಿನಾ ಹೇಳುವವರು ನೀವೇ ಅಲ್ವಾ?