ಬಾಟಲಿಯ ಗಾಜಿನಿಂದ ತೀರದ ಮರಳು: ಲೂಯಿಸಿಯಾನಾದ ಪ್ರಯೋಗವನ್ನು ಓದುವ ಬಗೆ

ಖಾಲಿ ಬಾಟಲಿಗಳನ್ನು ಪುಡಿಮಾಡಿ ಮರಳಾಗಿಸುವುದು, ಆ ಮರಳಿನಿಂದ ಕಡಲು ಕೊರೆದ ತೀರವನ್ನು ಮರಳಿ ಕಟ್ಟುವುದು ಎಂಬ ವಿಷಯವನ್ನು ಪರಿಸರ ಅಧ್ಯಯನದ ವಿದ್ಯಾರ್ಥಿಗಳು ಈಚಿನ ವರ್ಷಗಳಲ್ಲಿ ಮೇಲಿಂದ ಮೇಲೆ ಕೇಳುತ್ತಿದ್ದಾರೆ. ಇದಕ್ಕೆ ಹೆಚ್ಚಾಗಿ ಕೊಡುವ ಉದಾಹರಣೆ ಅಮೆರಿಕದ ಲೂಯಿಸಿಯಾನಾ ರಾಜ್ಯದ ನ್ಯೂ ಆರ್ಲಿಯನ್ಸ್ ನಗರದ್ದು. ಈ ಟಿಪ್ಪಣಿಯೂ ಅದೇ ಉದಾಹರಣೆಯನ್ನು ಹಿಡಿದು ಸಾಗುತ್ತದೆ. ಗಾಜಿನ ಮರಳು ತೀರಕ್ಕೆ ಒದಗುತ್ತದೆಯೇ ಎಂದು ಕೇಳಿದರೆ ಒದಗುತ್ತದೆ ಎಂದು ಹೇಳಿಬಿಡಬಹುದು. ಆದರೆ ಯಾವ ಜಾಗಕ್ಕೆ, ಎಷ್ಟು ಪ್ರಮಾಣದಲ್ಲಿ ಎಂದು ಕೇಳಿದಾಗ ಮಾತ್ರ ವಿಷಯ ನಿಜವಾಗಿ ತೆರೆದುಕೊಳ್ಳುತ್ತದೆ. ಆದ್ದರಿಂದ ಇಲ್ಲಿ ಅಳತೆಯ ಲೆಕ್ಕಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ನೆಲ ಏಕೆ ಕರಗುತ್ತಿದೆ

ಅಮೆರಿಕದ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆಯ ಅಧ್ಯಯನದ ಪ್ರಕಾರ 1932ರಿಂದ 2016ರವರೆಗೆ ಲೂಯಿಸಿಯಾನಾದ ಕರಾವಳಿ ಸುಮಾರು 4,833 ಚದರ ಕಿಲೋಮೀಟರ್ ನೆಲವನ್ನು ಕಳೆದುಕೊಂಡಿದೆ. ಇದು 1932ರಲ್ಲಿ ಅಲ್ಲಿದ್ದ ಕರಾವಳಿ ನೆಲದ ಕಾಲು ಭಾಗ. ಸರಿಸುಮಾರು ನಮ್ಮ ದಕ್ಷಿಣ ಕನ್ನಡ ಜಿಲ್ಲೆಯಷ್ಟು ವಿಸ್ತಾರ. ನಷ್ಟ ಅತಿ ವೇಗವಾಗಿದ್ದ ಕಾಲದಲ್ಲಿ 34 ನಿಮಿಷಕ್ಕೊಂದು ಅಮೆರಿಕನ್ ಫುಟ್‌ಬಾಲ್ ಮೈದಾನದಷ್ಟು ನೆಲ ನೀರಾಗುತ್ತಿತ್ತು, ಈಚೆಗೆ ಅದು 100 ನಿಮಿಷಕ್ಕೊಂದರಂತೆ ಇಳಿದಿದೆ ಎಂದು ಅದೇ ಸಂಸ್ಥೆ ಹೇಳುತ್ತದೆ. ಪತ್ರಿಕೆಗಳು ಇವುಗಳಲ್ಲಿ ಮೊದಲನೆಯ ಅಂಕಿಯನ್ನೇ ಹೆಚ್ಚಾಗಿ ಎತ್ತಿಕೊಳ್ಳುತ್ತವೆ. ಉತ್ತರಪತ್ರಿಕೆಯಲ್ಲಿ ಎರಡನ್ನೂ ಬರೆಯುವುದು ಲೇಸು.

ಇಲ್ಲಿ ಕೊರೆತ ಎಂದಾಗ ಉಳ್ಳಾಲದಲ್ಲಿ ನಾವು ಕಾಣುವಂಥ, ಮಳೆಗಾಲದ ಅಲೆಗಳು ಮರಳ ದಂಡೆಯನ್ನು ಕತ್ತರಿಸಿ ತೆಂಗಿನ ಮರಗಳನ್ನು ಉರುಳಿಸುವ ಕಡಲ್ಕೊರೆತವನ್ನು ಕಲ್ಪಿಸಿಕೊಳ್ಳಬಾರದು. ಲೂಯಿಸಿಯಾನಾದ ಕರಾವಳಿಯ ಬಹುಭಾಗ ಮಿಸಿಸಿಪ್ಪಿ ನದಿ ಸಾವಿರಾರು ವರ್ಷ ಹೂಳು ತಂದು ಸುರಿದು ಕಟ್ಟಿದ ಜೌಗು ನೆಲ. ಇಂಥ ನೆಲ ತನ್ನ ಭಾರಕ್ಕೆ ತಾನೇ ಮೆಲ್ಲಗೆ ಕುಸಿಯುತ್ತಿರುತ್ತದೆ. ಪ್ರತಿ ಪ್ರವಾಹದಲ್ಲಿ ಬರುವ ಹೊಸ ಹೂಳು ಆ ಕುಸಿತವನ್ನು ತುಂಬುತ್ತಿದ್ದರೆ ಮಾತ್ರ ಅದು ನೀರಿನ ಮೇಲೆ ನಿಲ್ಲುತ್ತದೆ. 1927ರ ಮಹಾಪ್ರವಾಹದ ನಂತರ ನದಿಯ ಇಕ್ಕೆಲಗಳಲ್ಲಿ ಒಡ್ಡುಗಳನ್ನು ಬಲಪಡಿಸಲಾಯಿತು, ಊರುಗಳು ಉಳಿದವು, ಆದರೆ ಹೂಳು ಜೌಗಿಗೆ ಹರಡದೆ ನೇರವಾಗಿ ಮೆಕ್ಸಿಕೋ ಕೊಲ್ಲಿಯ ಆಳಕ್ಕೆ ಹೋಗತೊಡಗಿತು. ಮೇಲ್ದಂಡೆಯಲ್ಲಿ ಮಿಸೌರಿ ನದಿಗೆ ಕಟ್ಟಿದ ಅಣೆಕಟ್ಟುಗಳು ಹೂಳಿನ ದೊಡ್ಡ ಪಾಲನ್ನು ಅಲ್ಲೇ ಹಿಡಿದಿಟ್ಟವು. ಇದರ ಜೊತೆಗೆ ತೈಲ ಕಂಪನಿಗಳು ಜೌಗಿನೊಳಗೆ ಕೊರೆದ ಸಾವಿರಾರು ಕಿಲೋಮೀಟರ್ ಕಾಲುವೆಗಳ ಮೂಲಕ ಉಪ್ಪುನೀರು ಒಳನುಗ್ಗಿ, ಸಿಹಿನೀರಿನ ಸಸ್ಯಗಳು ಸತ್ತು, ಬೇರು ಸಡಿಲವಾದ ಮಣ್ಣು ಕರಗಿತು. 2005ರ ಕತ್ರಿನಾ ಮತ್ತು ರೀಟಾ ಚಂಡಮಾರುತಗಳೆರಡೇ ಸೇರಿ ಸುಮಾರು 560 ಚದರ ಕಿಲೋಮೀಟರ್ ನೆಲವನ್ನು ನೀರಾಗಿಸಿದವು. ರೋಗ ಹೂಳಿನ ಕೊರತೆಯದು ಎಂಬುದನ್ನು ಮೊದಲು ಗಟ್ಟಿ ಮಾಡಿಕೊಂಡರೆ, ಮುಂದೆ ಗಾಜಿನ ಮರಳು ಎಲ್ಲಿಯವರೆಗಿನ ಮದ್ದು ಎಂಬುದು ತಾನಾಗಿ ತಿಳಿಯುತ್ತದೆ.

ಎರಡು ಕೊರತೆಗಳ ಭೇಟಿ

ನ್ಯೂ ಆರ್ಲಿಯನ್ಸ್ ಹಬ್ಬ, ಸಂಗೀತ, ಮದ್ಯದಂಗಡಿಗಳ ಊರು. ಅಲ್ಲಿ ಬಾಟಲಿಗೆ ಬರವಿಲ್ಲ. ಆದರೆ ಮನೆ ಬಾಗಿಲಿಗೆ ಬರುವ ನಗರದ ಮರುಬಳಕೆ ವಾಹನ ಗಾಜನ್ನು ಒಯ್ಯುತ್ತಿರಲಿಲ್ಲವಾದ್ದರಿಂದ ಅದರ ಬಹುಪಾಲು ಕಸದ ಗುಂಡಿ ಸೇರುತ್ತಿತ್ತು. 2020ರಲ್ಲಿ ಟುಲೇನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾಗಿದ್ದ ಫ್ರಾನ್ಸಿಸ್ಕಾ ಟ್ರಾಟ್‌ಮನ್ ಮತ್ತು ಮ್ಯಾಕ್ಸ್ ಸ್ಟೈಟ್ಜ್ ಇದಕ್ಕೊಂದು ದಾರಿ ಹುಡುಕಲು ಹೊರಟು, ಜನರಿಂದ ಹಣ ಕೂಡಿಸಿ, ಒಂದು ಚಿಕ್ಕ ಪುಡಿಮಾಡುವ ಯಂತ್ರ ತಂದು, ಮನೆಯೊಂದರ ಹಿತ್ತಿಲಿನಲ್ಲಿ ಕೆಲಸ ಆರಂಭಿಸಿದರು. ಆ ಉದ್ಯಮದ ಹೆಸರು 'ಗ್ಲಾಸ್ ಹಾಫ್ ಫುಲ್'. ಹಿತ್ತಿಲಿನಿಂದ ಗೋದಾಮಿಗೆ, ಅಲ್ಲಿಂದ ಪಕ್ಕದ ಶಾಲ್ಮೆಟ್‌ನ ದೊಡ್ಡ ಘಟಕಕ್ಕೆ ಅದು ಬೆಳೆದಿದೆ. ಟುಲೇನ್‌ನ ರಾಸಾಯನಿಕ ಎಂಜಿನಿಯರಿಂಗ್ ಪ್ರಾಧ್ಯಾಪಕಿ ಜೂಲಿ ಆಲ್ಬರ್ಟ್ ಅವರ ಮುಂದಾಳ್ತನದ ಸಂಶೋಧಕರ ತಂಡ, ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಅನುದಾನ ಪಡೆದು, ಈ ಮರಳು ಜೌಗಿನಲ್ಲಿ ಹೇಗೆ ವರ್ತಿಸುತ್ತದೆ ಎಂಬುದನ್ನು ಪರೀಕ್ಷಿಸುವ ಕೆಲಸ ಕೈಗೊಂಡಿತು. ಉತ್ಸಾಹದ ಉದ್ಯಮವೊಂದರ ಬೆನ್ನಿಗೆ ಪ್ರಯೋಗಾಲಯ ನಿಂತದ್ದು ಈ ಪ್ರಕರಣದ ದೊಡ್ಡ ಬಲ ಎಂದು ನನ್ನ ಎಣಿಕೆ.

ಬಾಟಲಿ ಮರಳಾಗುವ ಪರಿ

ಬಾಟಲಿಯ ಗಾಜಿನಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ತುಸು ಹೆಚ್ಚು ಸಿಲಿಕಾ ಇರುತ್ತದೆ. ಉಳಿದದ್ದು ಮುಖ್ಯವಾಗಿ ಸೋಡಾ ಮತ್ತು ಸುಣ್ಣ. ನದಿಮರಳಿನ ಮುಖ್ಯ ಅಂಶವಾದ ಬೆಣಚುಕಲ್ಲು ಕೂಡ ಸಿಲಿಕಾವೇ. ಆದರೆ ಬೆಣಚುಕಲ್ಲು ಸ್ಫಟಿಕ, ಗಾಜು ಸ್ಫಟಿಕವಲ್ಲ. ಈ ವ್ಯತ್ಯಾಸದಿಂದ ಕೆಲವು ಪರಿಣಾಮಗಳಿವೆ. ಕಾಠಿಣ್ಯದ ಮೋಹ್ಸ್ ಅಳತೆಯಲ್ಲಿ ಬೆಣಚುಕಲ್ಲು 7, ಗಾಜು ಸುಮಾರು 5.5, ಆದ್ದರಿಂದ ಅಲೆಯ ತಿಕ್ಕಾಟದಲ್ಲಿ ಗಾಜಿನ ಕಣ ಬೇಗ ಸವೆಯುತ್ತದೆ. ಕಲ್ಲು ಕೊರೆಯುವವರನ್ನು ಕಾಡುವ ಸಿಲಿಕೋಸಿಸ್ ರೋಗಕ್ಕೆ ಸ್ಫಟಿಕ ರೂಪದ ಸಿಲಿಕಾ ಕಾರಣವಾದ್ದರಿಂದ ಗಾಜಿನ ಧೂಳಿನ ಅಪಾಯ ಅಷ್ಟು ತೀವ್ರವಲ್ಲ, ಹಾಗೆಂದು ಯಂತ್ರದ ಬಳಿ ಮುಖಗವುಸು ಬಿಡುವಂತಿಲ್ಲ. ಸಾಂದ್ರತೆಯಲ್ಲಿ ಮಾತ್ರ ಎರಡೂ ಹತ್ತಿರ: ಬೆಣಚುಕಲ್ಲು 2.65, ಗಾಜು ಸುಮಾರು 2.5. ನೀರಿನಲ್ಲಿ ಕಣ ಎಷ್ಟು ಬೇಗ ತಳ ಸೇರುತ್ತದೆ ಎಂಬುದು ಸಾಂದ್ರತೆ ಮತ್ತು ಗಾತ್ರದ ಮೇಲೆ ನಿಂತಿರುವುದರಿಂದ, ಒಂದೇ ಗಾತ್ರದ ಗಾಜು ಮತ್ತು ಬೆಣಚುಕಲ್ಲಿನ ಕಣಗಳು ಹೆಚ್ಚುಕಡಿಮೆ ಒಂದೇ ರೀತಿ ನಡೆದುಕೊಳ್ಳುತ್ತವೆ.

ಪುಡಿಮಾಡುವ ಯಂತ್ರದ ಒಳಗೆ ವೇಗವಾಗಿ ತಿರುಗುವ ಸುತ್ತಿಗೆಗಳಿರುತ್ತವೆ. ಅದಕ್ಕೆ ಹಾಕುವ ಮೊದಲು ಕೈಯಿಂದ ಆರಿಸುವ ಕೆಲಸ ನಡೆಯಬೇಕು. ಪಿಂಗಾಣಿ, ಒಲೆಯ ಮೇಲಿಡುವ ಗಾಜಿನ ಪಾತ್ರೆ, ಸೀಸ ಬೆರೆತ ಹೊಳಪಿನ ಲೋಟಗಳನ್ನು ಹೊರಗಿಡಬೇಕು. ಬಾಟಲಿ ಯಂತ್ರದೊಳಗೆ ಬಿದ್ದೊಡನೆ ನುಚ್ಚಾಗುತ್ತದೆ. ಆದರೆ ಚೀಟಿ, ಬಿರಡೆ, ತಗಡಿನ ಮುಚ್ಚಳಗಳು ಗಾಜಿನಂತೆ ಒಡೆಯದೆ ಹರಿದ ಚೂರುಗಳಾಗಿ ಉಳಿಯುವುದರಿಂದ ಮುಂದೆ ಜರಡಿಯ ಮೇಲೆ ನಿಲ್ಲುತ್ತವೆ, ಕಬ್ಬಿಣವನ್ನು ಅಯಸ್ಕಾಂತ ಎಳೆದುಕೊಳ್ಳುತ್ತದೆ. ಜರಡಿಗಳ ಸಾಲು ದಾಟಿದ ಗಾಜು ಜಲ್ಲಿಯಿಂದ ಹಿಡಿದು ಹಿಟ್ಟಿನಂಥ ಪುಡಿಯವರೆಗೆ ಬೇರೆ ಬೇರೆ ಗಾತ್ರಗಳಾಗಿ ವಿಂಗಡವಾಗುತ್ತದೆ. ಕೈಯಲ್ಲಿ ಹಿಡಿದರೆ ಕುಯ್ಯುವುದಿಲ್ಲವೇ ಎಂಬ ಸಂದೇಹ ಎಲ್ಲರಿಗೂ ಬರುತ್ತದೆ. ಕಣ 2 ಮಿಲಿಮೀಟರಿಗಿಂತ ಚಿಕ್ಕದಾದ ಮೇಲೆ ಚರ್ಮವನ್ನು ಸೀಳುವಷ್ಟು ಉದ್ದದ ಅಂಚು ಅದಕ್ಕೆ ಉಳಿಯುವುದಿಲ್ಲ. ಸುತ್ತಿಗೆಯ ಹೊಡೆತಕ್ಕೆ ಕಣಗಳು ಒಂದಕ್ಕೊಂದು ಉಜ್ಜಿ ಚೂಪು ಇನ್ನಷ್ಟು ಮೊಂಡಾಗುತ್ತದೆ. ಆದರೂ ಅದು ನದಿಮರಳಿನಷ್ಟು ಗುಂಡಗಾಗದೆ, ಮನೆ ಕಟ್ಟುವಲ್ಲಿ ನಾವು ನೋಡುವ ಎಂ-ಸ್ಯಾಂಡಿನಂತೆ ಮೂಲೆ ಮೂಲೆಯಾಗಿರುತ್ತದೆ. ತೀರದ ಕೆಲಸಕ್ಕೆ ಇದು ದೋಷವಲ್ಲ, ಮೂಲೆಗಳುಳ್ಳ ಕಣಗಳು ಒಂದನ್ನೊಂದು ಹಿಡಿದುಕೊಂಡು ಇಳಿಜಾರಿನಲ್ಲಿ ಸುಲಭಕ್ಕೆ ಜಾರುವುದಿಲ್ಲ.

ತೀರಕ್ಕೆ ಹೊರಗಿನ ಮರಳು ತಂದು ಸುರಿಯುವಾಗ ಎಂಜಿನಿಯರರು ಪಾಲಿಸುವ ನಿಯಮವೊಂದಿದೆ: ತಂದ ಮರಳು ಅಲ್ಲಿಯ ಸಹಜ ಮರಳಿನಷ್ಟೇ ಅಥವಾ ತುಸು ಹೆಚ್ಚು ದಪ್ಪಗಿರಬೇಕು. ತೆಳುವಾದರೆ ಅಲೆ ಕೊಂಡೊಯ್ಯುತ್ತದೆ, ತೀರಾ ದಪ್ಪವಾದರೆ ದಂಡೆ ಕಡಿದಾಗಿ ಅಲ್ಲಿಯ ಜೀವಿಗಳಿಗೆ ಒಗ್ಗುವುದಿಲ್ಲ. ನಿಸರ್ಗದ ಮರಳನ್ನು ಸಿಕ್ಕ ಗಾತ್ರದಲ್ಲೇ ಒಪ್ಪಿಕೊಳ್ಳಬೇಕು; ಗಾಜನ್ನಾದರೋ ಜರಡಿ ಬದಲಿಸಿ ಬೇಕಾದ ಗಾತ್ರಕ್ಕೆ ತರಬಹುದು. ನನ್ನ ಮಟ್ಟಿಗೆ ಗಾಜಿನ ಮರಳಿನ ಅತ್ಯಂತ ಉಪಯುಕ್ತ ಗುಣ ಇದೇ, ಪ್ರಚಾರದಲ್ಲಿ ಅತಿ ಕಡಿಮೆ ಕಾಣಿಸಿಕೊಳ್ಳುವುದೂ ಇದೇ.

ಲೆಕ್ಕ

ಒಂದು ವೈನ್ ಬಾಟಲಿಯ ತೂಕ ಸುಮಾರು ಅರ್ಧ ಕಿಲೋ ಎಂದೂ, ಒಂದು ಘನ ಮೀಟರ್ ಗಾಜಿನ ಮರಳಿನ ತೂಕ ಸುಮಾರು 1,500 ಕಿಲೋ ಎಂದೂ ಹಿಡಿಯೋಣ. ಹಾಗಾದರೆ ಒಂದು ಘನ ಮೀಟರ್ ಮರಳಿಗೆ 3,000 ಬಾಟಲಿ ಬೇಕು. ಇಪ್ಪತ್ತು ಕಿಲೋದ ಒಂದು ಗೋಣಿಚೀಲಕ್ಕೆ 40 ಬಾಟಲಿ. ಜೌಗಿನ ಅಂಚಿನಲ್ಲಿ ನೂರು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದು ಮೀಟರ್ ಎತ್ತರದ ಒಡ್ಡು ಕಟ್ಟಲು 3 ಲಕ್ಷ ಬಾಟಲಿ. ದೊಡ್ಡ ಊರೊಂದಕ್ಕೆ ಇದು ಕೈಗೆಟುಕುವ ಸಂಖ್ಯೆ.

ಇನ್ನು ಎದುರಿನ ತಕ್ಕಡಿ. ಇದೇ ರಾಜ್ಯದ ಕ್ಯಾಮಿನಾಡಾ ಹೆಡ್‌ಲ್ಯಾಂಡ್ ಎಂಬಲ್ಲಿ ಸುಮಾರು 13 ಮೈಲಿ ಕಡಲತಡಿಯನ್ನು ಸರ್ಕಾರ ಮರಳಿ ಕಟ್ಟಿತು. ಕೊಲ್ಲಿಯೊಳಗಿನ ಶಿಪ್ ಶೋಲ್ ಎಂಬ ಮುಳುಗಿದ ದಿಣ್ಣೆಯಿಂದ ಡ್ರೆಜರ್‌ಗಳು (ಕಡಲ ತಳದ ಮರಳನ್ನೆತ್ತುವ ಹಡಗುಗಳು) ಎತ್ತಿ ತಂದ ಮರಳು 88 ಲಕ್ಷ ಘನ ಗಜ, ಅಂದರೆ ಸುಮಾರು 67 ಲಕ್ಷ ಘನ ಮೀಟರ್. ಅದನ್ನು ಗಾಜಿನಿಂದ ತುಂಬಲು ಹೊರಟರೆ ಒಂದು ಕೋಟಿ ಟನ್, ಅಂದರೆ 2,000 ಕೋಟಿ ಬಾಟಲಿ ಬೇಕಾಗುತ್ತದೆ. 2018ರಲ್ಲಿ ಇಡೀ ಅಮೆರಿಕದ ನಗರ ತ್ಯಾಜ್ಯದಲ್ಲಿ ಬಂದ ಗಾಜು, ಅಲ್ಲಿಯ ಪರಿಸರ ಸಂರಕ್ಷಣಾ ಸಂಸ್ಥೆಯ ಅಂದಾಜಿನಂತೆ, ಸುಮಾರು 1.1 ಕೋಟಿ ಮೆಟ್ರಿಕ್ ಟನ್. ದೇಶವೆಲ್ಲ ಒಂದು ವರ್ಷ ಎಸೆದ ಗಾಜನ್ನು ಒಂದು ಚೂರೂ ಬಿಡದೆ ಕೂಡಿಸಿದರೆ ಒಂದೇ ಒಂದು ಯೋಜನೆ ಮುಗಿಯುತ್ತದೆ, ಅಷ್ಟೇ. ಹೀಗಾಗಿ ಗಾಜಿನ ಮರಳು ಡ್ರೆಜರಿನ ಬದಲಿ ಎಂದು ಬರೆಯುವುದು ತಪ್ಪು.

ಡ್ರೆಜರ್ ಹೋಗಲಾರದ ಕಡೆ ಗಾಜಿನ ಮರಳಿಗೆ ಜಾಗವಿದೆ. ದೊಡ್ಡ ಹಡಗು, ಕೊಳವೆ, ಪರವಾನಗಿ ಎಲ್ಲ ಕೂಡಿಬರುವ ಯೋಜನೆಯನ್ನು ಸಣ್ಣ ಹೊಂಡವೊಂದಕ್ಕೆ ಯಾರೂ ತರುವುದಿಲ್ಲ. ಪಾಂಚಟ್ರೇನ್ ಸರೋವರದ ಉತ್ತರ ದಂಡೆಯ ಬಿಗ್ ಬ್ರಾಂಚ್ ಮಾರ್ಷ್ ವನ್ಯಜೀವಿ ಧಾಮದಂಥಲ್ಲಿ ಕೆಲಸ ನಡೆಯುವ ರೀತಿಯೇ ಬೇರೆ: ಗಾಜಿನ ಮರಳು ತುಂಬಿದ ಗೋಣಿಚೀಲಗಳನ್ನು ಸ್ವಯಂಸೇವಕರು ಕೈಯಿಂದ ಕೈಗೆ ದಾಟಿಸಿ ಕೊರೆದ ಅಂಚಿಗೆ ಜೋಡಿಸುತ್ತಾರೆ, ಸ್ಥಳೀಯ ಜಾತಿಯ ಜೌಗುಹುಲ್ಲಿನ ಸಸಿಗಳನ್ನು ನೆಡುತ್ತಾರೆ. ಗೋಣಿ ಕೊಳೆತುಹೋಗುವ ಹೊತ್ತಿಗೆ ಬೇರು ಹರಡಿ ಮರಳನ್ನು ಹಿಡಿದಿರಬೇಕು ಎಂಬುದು ಲೆಕ್ಕಾಚಾರ. ಇಲ್ಲಿ ನಿಜವಾದ ಕಟ್ಟುವ ಕೆಲಸ ಗಿಡದ್ದು, ಮರಳು ಅದಕ್ಕೆ ನಿಲ್ಲಲು ಜಾಗ ಕೊಡುತ್ತದೆ.

ಗಿಡ, ಆಮೆ ಮತ್ತು ಉಳಿದ ಪರೀಕ್ಷೆಗಳು

ಗಾಜಿನಲ್ಲಿ ಪೋಷಕಾಂಶವಿಲ್ಲ, ಸಾವಯವ ಅಂಶವಿಲ್ಲ, ನೀರು ಹಿಡಿದಿಡುವ ಜೇಡಿಯೂ ಇಲ್ಲ. ಜೌಗಿನ ಸಹಜ ಮಣ್ಣಾದರೋ ಕೊಳೆತ ಬೇರು ಮತ್ತು ನುಣುಪು ಕೆಸರಿನಿಂದಾದದ್ದು. ಆದ್ದರಿಂದ ಟುಲೇನ್ ತಂಡ ಸ್ಥಳೀಯ ಸಸ್ಯಗಳು ಗಾಜಿನ ಮರಳಿನಲ್ಲೂ, ಅದನ್ನು ಸಹಜ ಮಣ್ಣಿನೊಂದಿಗೆ ಬೆರೆಸಿದಾಗಲೂ ಬೇರು ಬಿಡುತ್ತವೆಯೇ ಎಂದು ಪರೀಕ್ಷಿಸಿತು. ಬೆಳೆಯುತ್ತವೆ ಎಂಬ ಫಲಿತಾಂಶ ಬಂದ ಮೇಲೆಯೇ ಹೊರಗಿನ ಕೆಲಸಕ್ಕೆ ಧೈರ್ಯ ಬಂದದ್ದು. ಗಾಜಿನಿಂದ ಲೋಹಗಳು ನೀರಿಗೆ ಇಳಿಯುತ್ತವೆಯೇ ಎಂಬುದು ಇನ್ನೊಂದು ಪ್ರಶ್ನೆ. ಹಸಿರು ಬಾಟಲಿಗೆ ಬಣ್ಣ ಕೊಡುವುದು ಕ್ರೋಮಿಯಂ, ಆದರೆ ಅದು ಗಾಜಿನ ರಚನೆಯೊಳಗೆ ಬಿಗಿಯಾಗಿ ಸಿಕ್ಕಿಕೊಂಡಿರುತ್ತದೆ. ಚೀಟಿಯ ಅಂಟು, ಪ್ಲಾಸ್ಟಿಕ್ ಲೇಪ, ತಪ್ಪಿ ಒಳಸೇರಿದ ಸೀಸದ ಗಾಜು ಇವುಗಳ ಮೇಲೆಯೇ ಹೆಚ್ಚು ಕಣ್ಣಿಡಬೇಕು. ಆರಿಸುವವರ ಕೈ ಸೋತರೆ ಪ್ರಯೋಗಾಲಯದ ಒಳ್ಳೆಯ ವರದಿಯೂ ಉಪಯೋಗಕ್ಕೆ ಬಾರದು.

ಈ ವಿಚಾರ ನ್ಯೂ ಆರ್ಲಿಯನ್ಸ್‌ನಲ್ಲೇ ಹುಟ್ಟಿದ್ದಲ್ಲ. ಫ್ಲಾರಿಡಾದ ಬ್ರೊವಾರ್ಡ್ ಕೌಂಟಿ 2000ರ ದಶಕದಲ್ಲೇ ಗಾಜಿನ ಪುಡಿಯನ್ನು ಕಡಲತೀರಕ್ಕೆ ಬಳಸುವ ಪರೀಕ್ಷೆ ನಡೆಸಿತ್ತು. ಅಲ್ಲಿಯ ಮುಖ್ಯ ಆತಂಕ ಕಡಲಾಮೆಗಳದು. ಮರಿ ಗಂಡೋ ಹೆಣ್ಣೋ ಎಂಬುದನ್ನು ಗೂಡಿನ ಮರಳಿನ ಬಿಸಿ ನಿರ್ಧರಿಸುವುದರಿಂದ, ಹೊಸ ಮರಳು ಒಂದೆರಡು ಡಿಗ್ರಿ ಹೆಚ್ಚು ಕಾದರೂ ಒಂದು ತಲೆಮಾರಿನ ಗಂಡು ಹೆಣ್ಣಿನ ಅನುಪಾತವೇ ಏರುಪೇರಾಗಬಹುದು. ಹೀಗಾಗಿ ಸಂಶೋಧಕರು ಗಾಜಿನ ಮರಳಿನ ಉಷ್ಣತೆ, ತೇವ, ಗಾಳಿಯಾಡುವಿಕೆ ಎಲ್ಲವನ್ನೂ ಸಹಜ ಮರಳಿನೊಂದಿಗೆ ಹೋಲಿಸಿ ಅದು ಗೂಡಿಗೆ ತಕ್ಕದ್ದೆಂದು ಕಂಡರು. ಅಲ್ಲಿಯೂ ಯೋಚನೆ ಇದ್ದದ್ದು ತೀರದುದ್ದಕ್ಕೂ ಸುರಿಯುವುದಲ್ಲ, ಬೇಗ ಕೊರೆಯುವ ಸಣ್ಣ ಜಾಗಗಳನ್ನು ತುಂಬುವುದು.

ಕರಗಿಸುವುದೋ, ಪುಡಿಮಾಡುವುದೋ

ಗಾಜನ್ನು ಕರಗಿಸಿ ಮತ್ತೆ ಬಾಟಲಿ ಮಾಡುವುದೇ ಮೇಲು ಎಂಬ ಆಕ್ಷೇಪ ಗಂಭೀರವಾದದ್ದು. ಕುಲುಮೆಗೆ ಹಾಕುವ ಕಚ್ಚಾವಸ್ತುವಿನಲ್ಲಿ ಪ್ರತಿ ಶೇ. 10ರಷ್ಟು ಹಳೆಯ ಗಾಜು ಬೆರೆಸಿದರೆ ಇಂಧನ ಶೇ. 2.5ರಿಂದ 3ರಷ್ಟು ಉಳಿಯುತ್ತದೆ. ಸೋಡಾ ಬೂದಿ ಮತ್ತು ಸುಣ್ಣಕಲ್ಲು ಕಾದಾಗ ಹೊಮ್ಮುವ ಇಂಗಾಲದ ಡೈಆಕ್ಸೈಡ್ ಕೂಡ ತಪ್ಪುತ್ತದೆ. ಗಾಜು ಗುಣ ಕೆಡದೆ ಎಷ್ಟು ಸಲವಾದರೂ ಕರಗಬಲ್ಲದು, ಮರಳಾದ ಮೇಲೆ ಆ ಸರಪಣಿ ಕಡಿಯುತ್ತದೆ. ಆದರೆ ಗಾಜು ಭಾರ, ಬೆಲೆ ಕಡಿಮೆ. ಕುಲುಮೆ ದೂರವಿದ್ದರೆ ಸಾಗಣೆಯ ಖರ್ಚೇ ಗಾಜಿನ ಬೆಲೆಯನ್ನು ಮೀರುತ್ತದೆ, ಆಗ ಅದರ ಮುಂದಿರುವ ಇನ್ನೊಂದು ದಾರಿ ಕಸದ ಗುಂಡಿ ಮಾತ್ರ. ಆದ್ದರಿಂದ ಕುಲುಮೆ ಹತ್ತಿರವಿರುವ ಊರಿಗೆ ನ್ಯೂ ಆರ್ಲಿಯನ್ಸ್‌ನ ಮಾದರಿಯನ್ನು ಹಾಗೆಯೇ ಎತ್ತಿ ಇಡುವುದನ್ನು ನಾನು ಒಪ್ಪುವುದಿಲ್ಲ.

ಹೂಳಿನ ಮೂಲಪ್ರಶ್ನೆ ಇದ್ದಲ್ಲೇ ಇದೆ. ನದಿಯ ಒಡ್ಡಿನಲ್ಲಿ ದ್ವಾರ ತೆರೆದು ಹೂಳುನೀರನ್ನು ಜೌಗಿಗೆ ಬಿಡುವ, ಸುಮಾರು 300 ಕೋಟಿ ಡಾಲರ್ ವೆಚ್ಚದ ಮಿಡ್-ಬರಟೇರಿಯಾ ಯೋಜನೆಗೆ 2023ರ ಆಗಸ್ಟ್‌ನಲ್ಲಿ ಶಂಕುಸ್ಥಾಪನೆಯಾಯಿತು. ಸಿಹಿನೀರು ನುಗ್ಗಿದರೆ ಸಿಂಪಿ ಮತ್ತು ಸೀಗಡಿ ಹಿಡಿಯುವವರ ಬದುಕು ಕೆಡುತ್ತದೆ ಎಂಬ ವಿರೋಧ ಮತ್ತು ಏರುತ್ತ ಹೋದ ವೆಚ್ಚದ ನಡುವೆ ರಾಜ್ಯ ಸರ್ಕಾರ 2025ರ ಜುಲೈನಲ್ಲಿ ಅದನ್ನು ಕೈಬಿಟ್ಟಿತು.