ಸೊಂಟದ ಮೇಲೆ ಕೂರದ ಮಗು

ಶಿಡ್ಲಘಟ್ಟದಲ್ಲಿ ನಮ್ಮ ಪಕ್ಕದ ಬೀದಿಯ ತಾಯಿಯೊಬ್ಬರು ನಾಲ್ಕು ವರ್ಷದ ಮಗಳನ್ನು ಎರಡೂ ತೋಳಲ್ಲಿ ಅಡ್ಡಡ್ಡ ಹಿಡಿದೇ ಓಡಾಡುತ್ತಿದ್ದರು. "ಸೊಂಟದ ಮೇಲೆ ಕೂರಿಸ್ಕೊಳ್ಳೋಕಾಗಲ್ಲ ಕಣಕ್ಕ, ಕಾಲು ಅಗಲ ಆಗಲ್ಲ" ಅಂದರು. ಮಗುವಿಗೆ ಸೆರೆಬ್ರಲ್ ಪಾಲ್ಸಿ, ಅಂದರೆ ಎಳೆಯದರಲ್ಲೇ ಮಿದುಳಿಗೆ ಹಾನಿಯಾಗಿ ಕೈಕಾಲಿನ ಹತೋಟಿ ತಪ್ಪುವ ತೊಂದರೆ. ತೊಡೆಗಳು ಕತ್ತರಿಯ ಹಾಗೆ ಬಿಗಿದುಕೊಂಡಿದ್ದವು. ಸ್ನಾನ ಮಾಡಿಸಿ ತೊಡೆಸಂದಿ ಒರೆಸೋಕೆ ಇಬ್ಬರು ಬೇಕಿತ್ತು. ಮಗು ನೋವು ಅಂತ ಅತ್ತಿರಲಿಲ್ಲ. ಆದರೂ ಎಕ್ಸ್‌ರೇಯಲ್ಲಿ ಎಡ ತೊಡೆಮೂಳೆಯ ತುದಿಯ ಗುಂಡು ಅದು ಕೂರಬೇಕಾದ ಸೊಂಟದ ಕುಳಿಯಿಂದ ಅರ್ಧದಷ್ಟು ಆಚೆ ಬಂದಿತ್ತು.

ಈ ಮಕ್ಕಳು ಹುಟ್ಟುವಾಗ ಸೊಂಟದ ಕೀಲು ಸಾಮಾನ್ಯವಾಗಿ ಸರಿಯಾಗೇ ಇರುತ್ತದೆ. ತೊಡೆಯನ್ನು ಒಳಕ್ಕೆ ಎಳೆಯುವ ಸ್ನಾಯುಗಳು ಹಗಲೂ ರಾತ್ರಿ ಬಿಗಿದು ಗುಂಡನ್ನು ನಿಧಾನವಾಗಿ ಜರುಗಿಸುತ್ತವೆ. ನಿಂತು ನಡೆಯದ ಮಗುವಿನ ತೊಡೆಮೂಳೆಯ ಕುತ್ತಿಗೆಗೆ, ಅಂದರೆ ಗುಂಡಿನ ಕೆಳಗಿನ ಭಾಗಕ್ಕೆ, ಬರಬೇಕಾದ ಬಾಗು ಬರುವುದಿಲ್ಲ. ಒರಳಲ್ಲಿ ಗುಂಡುಕಲ್ಲು ತಿರುಗಿದರೆ ತಾನೇ ಕುಳಿ ಆಳವಾಗೋದು? ಇಲ್ಲೂ ಹಾಗೇ. ಗುಂಡು ಕೂರದ ಕುಳಿ ತಟ್ಟೆಯಂತೆ ಉಳಿಯುತ್ತದೆ.

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಮಕ್ಕಳ ಬಗ್ಗೆ 2006ರಲ್ಲಿ ಬಂದ ಅಧ್ಯಯನದಲ್ಲಿ, ಸೆರೆಬ್ರಲ್ ಪಾಲ್ಸಿ ಇರುವ ಸುಮಾರು ಮೂರರಲ್ಲೊಬ್ಬರಿಗೆ ಹೀಗೆ ಗುಂಡು ಜರುಗಿತ್ತು. ಚೆನ್ನಾಗಿ ನಡೆಯುವವರಲ್ಲಿ ಒಬ್ಬರಿಗೂ ಇರಲಿಲ್ಲ. ತಲೆ ನಿಲ್ಲಿಸುವುದೂ ಕಷ್ಟವಾದವರಲ್ಲಿ 90% ಮಂದಿಗೆ ಇತ್ತು. ಅದಕ್ಕೇ ನೋವು ಬರಲಿ ಅಂತ ಕಾಯಬಾರದು. ನಡೆಯದ ಮಗುವಿಗೆ ಆರು ತಿಂಗಳಿಗೋ ವರ್ಷಕ್ಕೋ ಒಂದು ಎಕ್ಸ್‌ರೇ ಬೇಕು. ಗುಂಡಿನ 30% ಭಾಗ ಆಚೆ ಕಂಡರೆ ಮೂಳೆ ಡಾಕ್ಟರ ಹತ್ತಿರ ಹೋಗಲೇಬೇಕು.

ಬೇಗ ಹೋದರೆ ತೊಡೆಸಂದಿಯಲ್ಲಿ ಸಣ್ಣ ಗಾಯ ಮಾಡಿ ಬಿಗಿದ ಸ್ನಾಯು ಸಡಿಲಿಸುತ್ತಾರೆ. ತೀರಾ ಬಿಗಿ ಇರುವವರಿಗೆ ಅದೊಂದೇ ಸಾಲದು. ಆಗ ತೊಡೆಮೂಳೆಯನ್ನು ಮೇಲ್ಭಾಗದಲ್ಲಿ ಕತ್ತರಿಸಿ, ತಿರುಗಿಸಿ, ಗುಂಡು ಕುಳಿಗೆ ಮುಖ ಮಾಡುವಂತೆ ಪ್ಲೇಟ್ ಹಾಕುತ್ತಾರೆ. ಕುಳಿ ಆಳವಿಲ್ಲದಿದ್ದರೆ ಅದರ ಮೇಲಿನ ಮೂಳೆಯನ್ನೂ ಸೀಳಿ ಸೂರಿನಂತೆ ಕೆಳಕ್ಕೆ ಬಾಗಿಸಿ, ಸಂದಿಗೆ ಮೂಳೆಯ ತುಂಡು ಸಿಕ್ಕಿಸುತ್ತಾರೆ. ತುಂಬಾ ತಡವಾದರೆ ಗುಂಡು ಸವೆದು ಚಪ್ಪಟೆಯಾಗಿರುತ್ತದೆ. ಆಮೇಲೆ ನೋವು ಕಡಿಮೆ ಮಾಡಲು ಅದನ್ನು ತೆಗೆದುಹಾಕಬೇಕಾಗಿಯೂ ಬರಬಹುದು.

ಆದರೆ ಜಾರಿದ ಎಲ್ಲ ಕೀಲನ್ನೂ ಕೊಯ್ಯಬೇಕು ಅಂತಿಲ್ಲ. ಸ್ಪೈನಲ್ ಮಸ್ಕ್ಯುಲರ್ ಆಟ್ರೊಫಿ ಎಂಬ ವಂಶವಾಹಿ ಕಾಯಿಲೆಯಲ್ಲಿ ಸ್ನಾಯುಗಳೇ ಸೋತಿರುತ್ತವೆ. ಅಲ್ಲಿ ಜಾರಿದ ಕೀಲು ಹೆಚ್ಚಿನವರಿಗೆ ಅಷ್ಟಾಗಿ ನೋಯುವುದಿಲ್ಲ, ಕೂರಿಸಿದರೂ ಮತ್ತೆ ಜಾರಬಹುದು. ಉಸಿರಾಟವೂ ದುರ್ಬಲ. ಅಂಥ ಮಗುವನ್ನು ಸುಮ್ನೆ ಟೇಬಲ್ ಮೇಲೆ ಮಲಗಿಸದ ಡಾಕ್ಟರು ಸರಿಯಾದದ್ದನ್ನೇ ಮಾಡುತ್ತಿದ್ದಾರೆ.

ನಮ್ಮ ಬೀದಿಯ ಹುಡುಗಿಗೆ ಬೆಂಗಳೂರಲ್ಲಿ ತೊಡೆಮೂಳೆ, ಕುಳಿಯ ಮೇಲಿನ ಮೂಳೆ ಎರಡರದ್ದೂ ಆಪರೇಷನ್ ಆಯಿತು. ಅವಳು ನಡೆಯುವುದಿಲ್ಲ, ಅದಕ್ಕಾಗಿ ಮಾಡಿದ ಆಪರೇಷನ್ನೂ ಅಲ್ಲ. ಮೊನ್ನೆ ಅಂಗಡಿ ಹತ್ತಿರ ತಾಯಿ ಸಿಕ್ಕರು. ಮಗಳು ಅವರ ಸೊಂಟದ ಮೇಲೆ ಕೂತಿದ್ದಳು. ಅವರ ಒಂದು ಕೈಗೆ ಬಿಡುವು ಸಿಕ್ಕಿತ್ತು, ಅದರಲ್ಲಿ ತರಕಾರಿ ಚೀಲ. "ಮುಂದಿನ ಎಕ್ಸ್‌ರೇ ದೀಪಾವಳಿ ಆದ್ಮೇಲೆ ಅಕ್ಕ" ಅಂದರು.